ಕೊಪ್ಪರಿಗೆಯ ಕುದಿ

ಹುಕ್ಕೇರಿ
ತಾ. 11 ಜನವರಿ 1938

ರಾ. ರಾ. ಖಂಡೆಪ್ಪ ಮಿಸ್ತ್ರಿಯವರಿಗೆ,

ಶಿದ್ಲಿಂಗಪ್ಪನ ಶರಣು ಶರಣಾರ್ಥಿ. ಈ ಕಡೆ ನಾನೂ ಶಂಕ್ರವ್ವಳೂ ಕ್ಷೇಮ. ನೀವೂ ಕ್ಷೇಮವಾಗಿದ್ದೀರೆಂದು ತಿಳಿಯುತ್ತೇನೆ. ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ, ತಪ್ಪು ತಿಳಿಯಬಾರದು. ಅಣ್ಣಾಸಾಹೇಬರ ಕಾರು ಹೊಡೆಯುವ ಕೆಲಸ ಎಂದಮೇಲೆ ಪುರಸೊತ್ತು ಎಲ್ಲಿಯದು? ಒಂದು ದಿನ ಹೊಲಕ್ಕೆ, ಒಂದು ದಿನ ಕಚೇರಿಗೆ, ಒಂದು ದಿನ ಬೀಗರ ಊರಿಗೆ.

ಬರೆದ ಕಾರಣವೇನೆಂದರೆ, ಕಾರಿನ ಶಾಖದ ಗೇಜು ಕೆಟ್ಟಿದೆ. ಎಂಟು ವರ್ಷದ ಹಳೆಯ ಗಾಡಿ. ಇಂಜಿನ್ ಚಾಲೂ ಮಾಡಿ ಎರಡು ಮೈಲು ಹೋಗುವಷ್ಟರಲ್ಲಿ ಮುಳ್ಳು ನೀರು ಕುದಿಯುವ 212 ಡಿಗ್ರಿ ದಾಟುತ್ತದೆ. ಇಳಿದು ರೇಡಿಯೇಟರ್ ಮುಟ್ಟಿ ನೋಡಿದರೆ ಕುದಿಯೂ ಇಲ್ಲ, ಹಬೆಯೂ ಇಲ್ಲ. ಇದು ಮುಳ್ಳಿನ ಸುಳ್ಳು ಎಂದು ನನಗೆ ಗೊತ್ತು. ಅಣ್ಣಾಸಾಹೇಬರಿಗೆ ಯಾರು ಹೇಳಬೇಕು? ಅವರು ಈಗ ಹಿಂದೆ ಕೂಡುವುದನ್ನೇ ಬಿಟ್ಟಿದ್ದಾರೆ. ನನ್ನ ಬಾಜೂಕ್ಕೆ ಕುಳಿತು ಗೇಜಿನ ಮೇಲೆ ಕಣ್ಣು ನೆಟ್ಟು, "ಏ ಶಿದ್ಲಿಂಗ, ನಿಲ್ಲಸೋ! ಮುಳ್ಳ ಏರಾಕತ್ತೈತಿ!" ಎನ್ನುತ್ತಾರೆ. ಮೊನ್ನೆ ಕಣಗಲಾದಿಂದ ಬರುವಾಗ ಒಂಬತ್ತು ಸಲ ನಿಲ್ಲಿಸಿದೆವು. ಎತ್ತಿನ ಗಾಡಿಯವನೊಬ್ಬ ನಮ್ಮನ್ನು ಎರಡು ಸಲ ದಾಟಿ ಹೋದ. ಎರಡನೆಯ ಸಲ, "ಹಗ್ಗಾ ಕೊಡ್ರಿ ಸಾಹೇಬ್ರ, ಎಳಕೊಂಡ ಹೊಕ್ಕೇನಿ" ಎಂದ. ಅಣ್ಣಾಸಾಹೇಬರ ಮೋರೆ ನೋಡುವ ಹಾಗಿರಲಿಲ್ಲ.

ಊರು ಮುಟ್ಟಿದ ಮೇಲೆ ಹೇಳಿದರು: "ಈ ತಿಂಗಳದಾಗ ಮುಳ್ಳ ದುರಸ್ತ ಆಗ್ಬೇಕು. ಇಲ್ಲಂದ್ರ ಬೆಳಗಾವಿಂದ ಬ್ಯಾರೆ ಡ್ರೈವರ್‌ನ ತರಸ್ತೀನಿ." ಅವರು ಆಡಿದ್ದನ್ನು ಮಾಡುವವರು. ನಾವಿರುವ ಎರಡು ಖೋಲಿಯೂ ಅವರ ವಾಡೆಯ ಹಿಂದಿನವು. ಕೆಲಸ ಹೋದರೆ ಮನೆಯೂ ಹೋಯಿತು.

ಈ ಮೂರು ತಾಲೂಕಿನಲ್ಲಿ ಗೇಜು ಬಿಚ್ಚಿ ತಿಳಿದವರು ನೀವೊಬ್ಬರೇ. ಕಾರು ಗೋಕಾವಿಗೆ ತರಲು ಅಪ್ಪಣೆ ಇಲ್ಲ. ಹೇಗೆ ಮಾಡಬೇಕೆಂದು ಬರೆದು ತಿಳಿಸಿದರೆ ಮಾಡುತ್ತೇನೆ.

ತಮ್ಮವ,
ಶಿದ್ಲಿಂಗಪ್ಪ



ಗೋಕಾವಿ
ತಾ. 17 ಜನವರಿ 1938

ಶಿದ್ಲಿಂಗನಿಗೆ,

ನನ್ನನ್ನು 'ನೀವು' ಮಾಡಿದ್ದೀ. ಭಾರಿ ಆಯಿತು. ಬೆಳಗಾವಿ ಕ್ಯಾಂಪಿನ ಗ್ಯಾರೇಜಿನಲ್ಲಿ ನಾಲ್ಕು ವರ್ಷ ಒಂದೇ ಡಬ್ಬಿಯ ರೊಟ್ಟಿ ಮುರಿದು ತಿಂದವರು ನಾವು. ಆಮೇಲೆ ಇಲ್ಲಿ ಇಬ್ಬರೂ ಕೂಡಿ ಅಂಗಡಿ ಹಾಕಿದೆವು. ಆಗ ನಾನು 'ನೀನು' ಇದ್ದೆ, 'ಲೇ' ಕೂಡ ಇದ್ದೆ.

ಕ್ಷೇಮ ಕೇಳಿದ್ದೀ. ಅರ್ಧ ಕ್ಷೇಮ. ಬಲಗಡೆಯಿಂದ ಬಂದವರು ಕಾಣುತ್ತಾರೆ. ಎಡಗಡೆಯಿಂದ ಬಂದವರು ಕೆಮ್ಮಬೇಕು. ನಿನ್ನ ಪತ್ರದಲ್ಲಿ ಮುಳ್ಳಿನ ಮಾತು ತುಂಬಿದೆ. ಕಣ್ಣು ಎಂಬ ಮಾತು ಒಂದೇ ಒಂದು ಕಡೆ ಬಂದಿದೆ, ಅದೂ ಅಣ್ಣಾಸಾಹೇಬರ ಕಣ್ಣು. ಕುದಿಯುತ್ತ ಬಂದ ಲಾರಿಯ ರೇಡಿಯೇಟರ್ ಮುಚ್ಚಳವನ್ನು ನೀನು ಅವಸರ ಮಾಡಿ ತಿರುವಿದಾಗ ಅದರ ಎದುರು ಬಗ್ಗಿ ನಿಂತಿದ್ದವನು ಯಾರು ಎಂಬುದು ನಿನಗೆ ನೆನಪಿರಬೇಕು. "ಸ್ವಲ್ಪ ತಡಿಯೋ" ಎಂದು ನಾನು ಹೇಳಿದ್ದೂ ನೆನಪಿರಬೇಕು. ಅಣ್ಣಾಸಾಹೇಬರು ಡ್ರೈವರ್ ಕೆಲಸಕ್ಕೆ ಕರೆದದ್ದು ನನ್ನನ್ನು. ಕೋಟು ಹೊಲಿಸಿದ್ದು ನನ್ನ ಅಳತೆಗೆ. ಒಕ್ಕಣ್ಣನಿಗೆ ಲೈಸನ್ಸ್ ಸಿಗುವುದಿಲ್ಲ ಎಂದು ಗೊತ್ತಾದ ಎಂಟು ದಿನಕ್ಕೆ ನೀನು ಆ ಕೋಟು ಹಾಕಿಕೊಂಡು ಹೋದೆ. ತೋಳು ಉದ್ದ ಆಗಿರಬೇಕು. ಮಡಚಿ ಹೊಲಿಸಿಕೊಂಡೆಯೋ ಹೇಗೆ?

ಇರಲಿ. ಕೆಲಸದ ಮಾತು ಹೇಳುತ್ತೇನೆ. ಗೇಜು ಕೆಲಸದ ವಸ್ತು, ಅದರ ಮೇಲೆ ನನಗೆ ಸಿಟ್ಟಿಲ್ಲ.

ಇಂಜಿನ್ ತಣ್ಣಗಾದ ಮೇಲೆ ನೀರು ಇಳಿಸು. ಇಂಜಿನ್ನಿನ ತಲೆಯಲ್ಲಿ ಕೂತಿರುವ ಹಿತ್ತಾಳೆಯ ಬುಡ್ಡಿಯನ್ನು ಬಿಚ್ಚು. ಬುಡ್ಡಿಯಿಂದ ಗೇಜಿನವರೆಗೆ ತೆಳ್ಳಗಿನ ತಾಮ್ರದ ನಳಿಗೆ ಇರುತ್ತದೆ, ಅದರೊಳಗೆ ಶಾಖಕ್ಕೆ ಹಿಗ್ಗುವ ಔಷಧ ಇದೆ. ಅದು ಮಡಚಿದರೆ, ಮುರಿದರೆ ಗೇಜು ಸತ್ತಂತೆ. ಮೂರನ್ನೂ ಕೂಡಿಯೇ ಹೊರಗೆ ತೆಗೆ. ಬುಡ್ಡಿಯನ್ನು ಸಳಸಳ ಕುದಿಯುವ ನೀರಿನಲ್ಲಿ ಮುಳುಗಿಸಿ, ನೂರು ಎಣಿಸುವತನಕ ಹಿಡಿ. ಮುಳ್ಳು 212ರ ಮೇಲೆ ನಿಲ್ಲಬೇಕು. ಹೆಚ್ಚು ತೋರಿಸಿದರೆ ಗಾಜು ತೆಗೆದು, ಮುಳ್ಳನ್ನು ಮೆಲ್ಲಗೆ ಕಿತ್ತು, ಬುಡ್ಡಿ ಕುದಿಯಲ್ಲಿರುವಾಗಲೇ 212ರ ಮೇಲೆ ಒತ್ತಿ ಕೂಡಿಸು. ಇಷ್ಟೇ ಕೆಲಸ.

ಮಾಡಿದ ಮೇಲೆ ಏನೇನು ಮಾಡಿದೆ, ಎಲ್ಲಿ ಮಾಡಿದೆ, ಒಂದೂ ಬಿಡದೆ ನನಗೆ ಬರೆ. ನಿನ್ನ ಅವಸರ ನನಗೆ ಗೊತ್ತು. ತಪ್ಪಿದ್ದರೆ ಕೂಡಲೇ ತಿಳಿಸುತ್ತೇನೆ. ಹತ್ತು ದಿನದಲ್ಲಿ ನನ್ನ ಪತ್ರ ಬರದಿದ್ದರೆ ಕೆಲಸ ಸರಿಯಾಗಿದೆ ಎಂದು ತಿಳಿ. ಸರಿ ಇದೆ ಎಂದು ಹೇಳಲು ನಾನು ನಿನಗೆ ಕಾಗದ ಬರೆಯುವುದಿಲ್ಲ.

ಖಂಡೆಪ್ಪ



ಹುಕ್ಕೇರಿ
ತಾ. 24 ಜನವರಿ 1938

ಖಂಡೆಪ್ಪಣ್ಣನಿಗೆ ಶಿದ್ಲಿಂಗನ ಶರಣು.

ನಿನ್ನ ಪತ್ರ ಮುಟ್ಟಿತು. ಶಂಕ್ರವ್ವಳಿಗೆ ಓದಿ ಹೇಳಿದೆ. "ಮೊದಲ ಕಣ್ಣಿನ ಮಾತ ಬರೀರಿ, ಆಮ್ಯಾಲ ಮುಳ್ಳಿನ ಮಾತ" ಎಂದಳು. ಅವಳು ಮೂರು ವರ್ಷದಿಂದ ಇದನ್ನೇ ಹೇಳುತ್ತಿದ್ದಾಳೆ. ಬರೆಯುತ್ತೇನೆ ಅಣ್ಣ, ಒಮ್ಮೆ ಸಾವಕಾಶವಾಗಿ ಕೂತು ಬರೆಯುತ್ತೇನೆ. ಈಗ ಗೇಜಿನದು ಮುಗಿಸುತ್ತೇನೆ.

ನೀನು ಹೇಳಿದಂತೆಯೇ ಬಿಚ್ಚಿದೆ. ನಳಿಗೆಗೆ ಒಂದು ಗೀರೂ ಬಿದ್ದಿಲ್ಲ. ಮೊದಲು ವಾಡೆಯ ಅಡಿಗೆಮನೆಯಲ್ಲಿ ನೀರು ಕಾಯಿಸೋಣ ಎಂದರೆ ಮನೆಯೊಡತಿ ಗೌರವ್ವ ಬಾಯಿಯವರು, "ಇಂಜಿನ್ ಹೊಟ್ಟಿಯೊಳಗಿನ ಸಾಮಾನ ನಮ್ಮ ಒಲಿ ಮ್ಯಾಲ ಬ್ಯಾಡ" ಎಂದರು. ನಮ್ಮ ಖೋಲಿಗೆ ತಂದು ಶಂಕ್ರವ್ವಳ ಚಹಾದ ಪಾತ್ರೆಯಲ್ಲಿ ಅದ್ದಿದೆ. ಮುಳ್ಳು 230ಕ್ಕೆ ಹೋಗಿ ನಿಂತಿತು. ನನಗೆ ಸಮಾಧಾನ ಆಗಲಿಲ್ಲ. ಅಷ್ಟು ಸಣ್ಣ ಪಾತ್ರೆ, ಹಸಿ ಕಟ್ಟಿಗೆ, ಅದೂ ಒಂದು ಕುದಿಯೇ? ನಾಲ್ಕು ಗುಳ್ಳೆ ಬಂದರೆ ಕುದಿ ಆಯಿತೇನು?

ಆಗ ಒಂದು ವಿಚಾರ ಹೊಳೆಯಿತು ನೋಡು. ಅಣ್ಣಾಸಾಹೇಬರ ಕಬ್ಬಿನ ಗಾಣ ಈಗ ಚಾಲೂ ಇದೆ. ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಬೆಳಗಿನಿಂದ ಕುದಿಯುತ್ತಿರುತ್ತದೆ. ನಮ್ಮ ಸೀಮೆಯಲ್ಲಿ ಕುದಿ ಎಂದರೆ ಅದಲ್ಲವೇ? ಬುಡ್ಡಿಯನ್ನು ಸೀಗೇಕಾಯಿ ಹಚ್ಚಿ ಎರಡು ಸಲ ತೊಳೆದು ತಗೊಂಡು ಹೋದೆ. ಬೆಲ್ಲದ ಹದ ನೋಡುವ ಮಾಲಿಂಗಪ್ಪ ಮೊದಲು ಒಪ್ಪಲಿಲ್ಲ. ಹತ್ತರಗಿತನಕ ಕಾರಿನಲ್ಲಿ ಕೂಡಿಸಿಕೊಂಡು ಹೋಗಿ ಬರುತ್ತೇನೆ ಎಂದಮೇಲೆ ಒಪ್ಪಿದ. ಪಾಕ ಗಟ್ಟಿಯಾಗಿ, ಇನ್ನೇನು ಇಳಿಸಬೇಕು ಎನ್ನುವಾಗ ಅದ್ದಿದೆ. ಮುಳ್ಳು ಸರ್ರನೆ ಏರಿ ತಟ್ಟೆಯ ಕೊನೆಗೆ ಹೋಗಿ ಬಡಿಯಿತು. ಅದರ ಸುಳ್ಳು ಎಷ್ಟು ದೊಡ್ಡದು ಎಂದು ಆಗ ಗೊತ್ತಾಯಿತು. ಚಹಾದ ಪಾತ್ರೆ ನಂಬಿದ್ದರೆ ಕೆಲಸ ಅರ್ಧಂಬರ್ಧ ಆಗುತ್ತಿತ್ತು. ಗಾಜು ತೆಗೆದು, ಮುಳ್ಳು ಕಿತ್ತು, ಪಾಕದಲ್ಲಿ ಇರುವಾಗಲೇ ಸರಿಯಾಗಿ 212ರ ಮೇಲೆ ಒತ್ತಿ ಕೂಡಿಸಿದೆ. ನೂರಲ್ಲ, ಇನ್ನೂರು ಎಣಿಸಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ.

ಏನೂ ಬಿಡದೆ ಬರೆದಿದ್ದೇನೆ. ಈಗ ಹೇಳು, ನನಗೆ ಅವಸರವೇ?

ನಿನ್ನ,
ಶಿದ್ಲಿಂಗ



(ಈ ಪತ್ರವನ್ನು ಖಂಡೆಪ್ಪ ಬರೆದ, ಟಪಾಲಿಗೆ ಹಾಕಲಿಲ್ಲ.)

ಗೋಕಾವಿ
ತಾ. 28 ಜನವರಿ 1938

ಲೇ ಶಿದ್ಲಿಂಗ,

ಕೂಡಲೇ ಮುಳ್ಳು ಕೀಳು. ಪಾಕ ನೀರಲ್ಲ. ಪಾಕ ಕುದಿಯುವಾಗಿನ ಶಾಖ ನೀರು ಕುದಿಯುವಾಗಿನ ಶಾಖಕ್ಕಿಂತ ಬಹಳ ಹೆಚ್ಚು. ಇಳಿಸುವ ಹೊತ್ತಿನ ಪಾಕ ಎಂದರೆ 240 ಆದರೂ ಇರಬೇಕು. ಅದನ್ನು ನೀನು 212 ಎಂದು ಕೂಡಿಸಿದ್ದೀ. ಈಗ ನಿನ್ನ ಗೇಜು ಮೂವತ್ತು ಕಡಿಮೆ ತೋರಿಸುತ್ತದೆ. ರೇಡಿಯೇಟರಿನಲ್ಲಿ ನೀರು ಕೊತಕೊತ ಕುದಿಯುತ್ತಿದ್ದರೂ ಮುಳ್ಳು 180ರ ಹತ್ತಿರ ತಣ್ಣಗೆ ನಿಂತಿರುತ್ತದೆ. ಮೊದಲು ಅದು ಹೆದರಿಸುವ ಸುಳ್ಳು ಹೇಳುತ್ತಿತ್ತು, ಈಗ ಧೈರ್ಯ ಹೇಳುವ ಸುಳ್ಳು ಹೇಳುತ್ತದೆ. ಎರಡನೆಯದೇ ಕೇಡು. ಅಣ್ಣಾಸಾಹೇಬರು ಒಂಬತ್ತು ಸಲ ನಿಲ್ಲಿಸಿದ್ದರಿಂದಲೇ ಆ ಹಳೆಯ ಇಂಜಿನ್ ಇಷ್ಟು ದಿನ ಉಳಿದಿದೆ.

ಚಹಾದ ಪಾತ್ರೆಯ ಕುದಿಯೇ ಸರಿ ಇತ್ತು. ನಾನು 'ನೀರು' ಎಂದು ಬರೆದಿದ್ದೆ. ನೀನು ನನ್ನ ಮಾತು ಯಾವಾಗ ಕೇಳಿದ್ದೀ? "ಸ್ವಲ್ಪ ತಡಿಯೋ" ಎಂದಾಗ ಕೇಳಿದೆಯಾ? ಕಣ್ಣಿನ ಮಾತು ಸಾವಕಾಶವಾಗಿ ಬರೆಯುತ್ತಾನಂತೆ. ಮೂರು ವರ್ಷಕ್ಕೂ ಸಾವಕಾಶ ಸಿಗಲಿಲ್ಲ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಬಿದ್ದಿದ್ದೆ, ನೀನು ಎರಡು ಸಲ ಬಂದೆ, ಎರಡೂ ಸಲ ಲಾರಿಯ ಮಾಲಕನ ಮಾತಾಡಿ ಎದ್ದು ಹೋದೆ. ಕೊಪ್ಪರಿಗೆಯವರೆಗೆ ನಡೆದು ಹೋಗಲು ಸಾವಕಾಶ ಇದೆ, ಬುಡ್ಡಿಗೆ ಸೀಗೇಕಾಯಿ ಹಚ್ಚಲು ಸಾವಕಾಶ ಇದೆ

ಖಂಡೆಪ್ಪ



ಹುಕ್ಕೇರಿ
ತಾ. 10 ಫೆಬ್ರುವರಿ 1938

ಖಂಡೆಪ್ಪಣ್ಣನಿಗೆ ಶರಣು.

ಹತ್ತಲ್ಲ, ಹದಿನೇಳು ದಿನ ಆಯಿತು. ನಿನ್ನ ಪತ್ರ ಬರಲಿಲ್ಲ. ಅಣ್ಣಾಸಾಹೇಬರಿಗೆ, "ಖಂಡೆಪ್ಪ ಏನೂ ಬರದಿಲ್ರಿ, ಅಂದ್ರ ಕೆಲಸ ಪಾಸ್ ಆತ್ರಿ" ಎಂದು ಹೇಳಿದೆ. ಅವರಿಗೂ ಬಹಳ ಸಂತೋಷ. ಮುಳ್ಳು ಈಗ 165, 170ರಲ್ಲಿ ಸಾಧುವಿನ ಹಾಗೆ ಕೂತಿರುತ್ತದೆ. ನಿನ್ನೆ ಕಣಗಲಾಕ್ಕೆ ಹೋಗಿ ಬಂದೆವು. ಒಂದು ಸಲವೂ ನಿಲ್ಲಿಸಲಿಲ್ಲ. ಅಣ್ಣಾಸಾಹೇಬರು ಮತ್ತೆ ಹಿಂದಿನ ಸೀಟಿಗೆ ಹೋಗಿ ದಿಂಬಿಗೆ ಒರಗಿ ನಿದ್ದೆ ಮಾಡಿದರು. ಬೇರೆ ಡ್ರೈವರಿನ ಮಾತು ನಿಂತಿತು. ಶಂಕ್ರವ್ವ ಹಿತ್ತಲಿನಲ್ಲಿ ಬದನೆ ಸಸಿ ಹಚ್ಚಿದಳು. ಇಷ್ಟು ದಿನ, "ಯಾರ ಖೋಲಿಯೋ ಏನೋ" ಎಂದು ಒಂದು ಬೀಜ ಹಾಕಿರಲಿಲ್ಲ.

ಗಾಡಿ ನೀರು ಮಾತ್ರ ಸ್ವಲ್ಪ ಹೆಚ್ಚು ಕುಡಿಯುತ್ತದೆ. ಬಿಸಿಲು ಏರುತ್ತಿದೆಯಲ್ಲ, ಅದಕ್ಕೆ ಇರಬೇಕು.

ಬರುವ 20ನೇ ತಾರೀಖಿಗೆ ಅಣ್ಣಾಸಾಹೇಬರ ಮಗಳನ್ನು ನೋಡಲು ಪುಣೆಯ ಕಡೆಯ ಬೀಗರು ಬರುತ್ತಾರೆ. ಘಟಪ್ರಭಾ ಸ್ಟೇಶನ್ನಿಗೆ ಹೋಗಿ ಕರೆದುಕೊಂಡು ಬರುವ ಕೆಲಸ ನನ್ನದು. "ಶಿದ್ಲಿಂಗ, ನನ್ನ ಮರ್ಯಾದಿ ನಿನ್ನ ಕೈಯಾಗೈತಿ" ಎಂದಿದ್ದಾರೆ. ಅಣ್ಣ, ಆ ಮಾತು ನಿನ್ನಿಂದ ಬಂತು. ನಿನ್ನ ಉಪಕಾರ.

ನಿನ್ನ,
ಶಿದ್ಲಿಂಗ



ಮೂಡಲಗಿ
ತಾ. 9 ಮಾರ್ಚ್ 1938

ಖಂಡೆಪ್ಪಣ್ಣನಿಗೆ ಶರಣು.

ಊರ ಹೆಸರು ನೋಡಿ ನಿನಗೆ ಅರ್ಧ ತಿಳಿದಿರಬಹುದು. ನಾವು ಶಂಕ್ರವ್ವಳ ತವರಿನಲ್ಲಿದ್ದೇವೆ.

20ಕ್ಕೆ ಘಟಪ್ರಭಾದಲ್ಲಿ ಬೀಗರು ಐದು ಮಂದಿ ಇಳಿದರು. ಅಣ್ಣಾಸಾಹೇಬರೂ ನಾನೂ ಸೇರಿ ಏಳು ಜನ, ಮೇಲೆ ಟ್ರಂಕುಗಳು. ಮಟಮಟ ಮಧ್ಯಾಹ್ನ. ಆರು ಮೈಲು ಬಂದಿದ್ದೆವು, ಏರು ಹತ್ತುತ್ತಿದ್ದೆವು. ನನ್ನ ಮೂಗಿಗೆ ಕಾದ ಎಣ್ಣೆಯ ವಾಸನೆ ಹೊಡೆಯಿತು. ಕಾಲು ತಾನಾಗಿ ಹಿಂದೆ ಸರಿಯಿತು. ಅಣ್ಣಾಸಾಹೇಬರು ಬಗ್ಗಿ ನೋಡಿದರು. ಮುಳ್ಳು 180. "ತಣ್ಣಗೈತಿ, ಹೊಡಿ. ಬೀಗರ ಮುಂದ ನಿಲ್ಲಸಬ್ಯಾಡ" ಎಂದರು. ನಾನೂ ನೋಡಿದೆ. 180. ಗೇಜು ಖಂಡೆಪ್ಪ ಪಾಸ್ ಮಾಡಿದ್ದು ಎಂದುಕೊಂಡು ಮತ್ತೆ ಒತ್ತಿದೆ. ಅರ್ಧ ಮೈಲು ಹೋಗಲಿಲ್ಲ, ಇಂಜಿನ್ ಒಳಗೆ ಕಬ್ಬಿಣ ಕಬ್ಬಿಣ ಕಚ್ಚಿದ ಸಪ್ಪಳ ಬಂತು. ಗಾಡಿ ನಿಂತುಬಿಟ್ಟಿತು. ಮುಚ್ಚಳದ ಸುತ್ತ ಹಬೆ. ನಾನು ಅದನ್ನು ಮುಟ್ಟಲಿಲ್ಲ. ಎಲ್ಲರನ್ನೂ ದೂರ ನಿಲ್ಲಿಸಿದೆ.

ಬೀಗರು ಬಿಸಿಲಿನಲ್ಲಿ ನಡೆದರು. ಮುದುಕಿಯೊಬ್ಬಳಿದ್ದಳು, ಅವಳನ್ನು ಬಂಡಿಯಲ್ಲಿ ಕೂಡಿಸಿದೆವು. ಕಾರನ್ನು ಎರಡು ಜೋಡಿ ಎತ್ತು ಹೂಡಿ ಹುಕ್ಕೇರಿಗೆ ಎಳೆದು ತಂದರು. ಸಂತೆಯ ದಿನ, ಊರೆಲ್ಲ ನೋಡಿತು. ವಾಡೆಯ ಬಾಗಿಲಿನಲ್ಲಿ ಅಣ್ಣಾಸಾಹೇಬರು ಬೀಗರ ಎದುರಿಗೇ, "ಕೋಟ ಬಿಚ್ಚಿ ಇಡು" ಎಂದರು. ಬಿಚ್ಚಿಟ್ಟೆ. ಒಳಗಿನ ಅಂಗಿ ಹರಿದಿತ್ತು. ಮರುದಿನ ಸಂಜೆಯೊಳಗೆ ಖೋಲಿ ಖಾಲಿ ಮಾಡಿದೆವು. ಹತ್ತರಗಿಯ ಸರ್ವೀಸ್ ಮೋಟಾರಿನವರನ್ನು ಡ್ರೈವರ್ ಕೆಲಸ ಕೇಳಿದೆ. "ಇಂಜಿನ್ ಸುಟ್ಟಾಂವ ನೀನ ಅಲ್ಲೇನು?" ಎಂದರು. ಈಗ ಶಂಕ್ರವ್ವಳ ಅಣ್ಣ ಲಗಮಪ್ಪನ ಬಾವಿಯ ಮೇಲೆ ನೀರೆತ್ತುವ ಎತ್ತು ಹೊಡೆಯುತ್ತೇನೆ. ಮುಂದೆ ಹದಿನಾರು ಹೆಜ್ಜೆ, ಹಿಂದೆ ಹದಿನಾರು ಹೆಜ್ಜೆ.

ಹಾಗೆ ನಡೆಯುವಾಗ ವಿಚಾರ ಮಾಡುತ್ತೇನೆ. ಗೇಜಿನ ತಪ್ಪಲ್ಲ, ಅದರ ಕೆಲಸವನ್ನು ನೀನು ಓದಿ ಒಪ್ಪಿದ್ದೆ. ಮೂಗು ಹೇಳಿದ್ದನ್ನು ಬಿಟ್ಟು ಮುಂದೆ ಒತ್ತಿದ ನನ್ನ ಕಾಲಿನ ತಪ್ಪು. ಆವತ್ತೂ ಹಾಗೆಯೇ, ನೀನು ತಡಿ ಎಂದದ್ದನ್ನು ಕೇಳದ ನನ್ನ ಕೈಯ ತಪ್ಪು. ನಿನ್ನ ಕಣ್ಣು ನಾನು ತೆಗೆದೆ ಅಣ್ಣ. ಆಸ್ಪತ್ರೆಗೆ ಬಂದಾಗ ಇದನ್ನೇ ಹೇಳಬೇಕೆಂದು ಬಂದಿದ್ದೆ. ಪಟ್ಟಿ ಕಟ್ಟಿದ ಮುಖ ನೋಡಿ ಲಾರಿಯ ಮಾಲಕನ ಮಾತು ತೆಗೆದೆ. ಆಮೇಲೆ ನಿನಗೆ ಬರಬೇಕಾದ ಕೆಲಸಕ್ಕೆ ಹೋದೆ. ಹೋದಮೇಲೆ ನಾಚಿಕೆಯಿಂದ ಬರೆಯಲಿಲ್ಲ, ಬರೆಯದ ನಾಚಿಕೆಯಿಂದ ಮತ್ತೆ ಬರೆಯಲಿಲ್ಲ. ನನ್ನನ್ನು ಕ್ಷಮಿಸು.

ನಿನ್ನ ಅಂಗಡಿಯಲ್ಲಿ ಜಾಗ ಇದ್ದರೆ ಬರುತ್ತೇನೆ. ಕಸ ಹೊಡೆಯುವ ಕೆಲಸ ಆದರೂ ಸರಿ. ನಿನ್ನ ಎಡಗಡೆ ನಿಲ್ಲುತ್ತೇನೆ.

ನಿನ್ನ,
ಶಿದ್ಲಿಂಗ



ಗೋಕಾವಿ
ತಾ. 16 ಮಾರ್ಚ್ 1938

ಶಿದ್ಲಿಂಗ,

ನಿನ್ನ ಪತ್ರ ನಾಲ್ಕು ದಿನದಿಂದ ನನ್ನ ಅಂಗಿಯ ಕಿಸೆಯಲ್ಲಿದೆ. ಇದರ ಜೊತೆಗೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಮೊದಲು ಅದನ್ನು ಓದು. ತಾರೀಖು ನೋಡು.

ಓದಿದೆಯಾ? ಈಗ ಇದನ್ನು ಓದು.

ಗೇಜನ್ನು ನಾನು ಒಪ್ಪಿರಲಿಲ್ಲ. ನಿನ್ನ ಪತ್ರದಲ್ಲಿ ಕೊಪ್ಪರಿಗೆ ಎಂಬ ಮಾತು ಬಂದಾಗಲೇ ನನಗೆ ಗೊತ್ತಾಯಿತು. ಆ ಕ್ಷಣವೇ ಆ ಕಾಗದ ಬರೆಯಲು ಕೂತೆ. ಸೀಗೇಕಾಯಿಯ ತನಕ ಬರೆದು ಕೈ ನಿಂತಿತು. ಹೆಸರು ಹಾಕಿ ಮಡಚಿದೆ. ಟಪಾಲು ಪೆಟ್ಟಿಗೆ ನನ್ನ ಅಂಗಡಿಯ ಎದುರಿಗೇ ಇದೆ, ನಿನಗೆ ಗೊತ್ತು. ನಾಳೆ ಹಾಕುತ್ತೇನೆ ಎಂದೆ. ಮರುದಿನ ಕಾಗದವನ್ನು ಬೋಲ್ಟಿನ ಡಬ್ಬಿಯ ಕೆಳಗೆ ಇಟ್ಟೆ. ನಿನ್ನ ಮುಂದಿನ ಪತ್ರ ಬಂತು, ನೀರು ಹೆಚ್ಚು ಕುಡಿಯುತ್ತದೆ ಎಂದು. ಅದು ಏನೆಂದು ನನಗೆ ಗೊತ್ತು. 20ಕ್ಕೆ ಇನ್ನೂ ಏಳು ದಿನ ಇತ್ತು. ತಂತಿ ಹೊಡೆಯಬಹುದಿತ್ತು. ನಾನೇ ಬಸ್ಸು ಹತ್ತಿ ಬರಬಹುದಿತ್ತು. ಬದನೆ ಸಸಿಯ ಮಾತು ಓದಿ ನನಗೆ ಸಿಟ್ಟು ಬಂತು. ನನಗೆ ಬರಬೇಕಾದ ಖೋಲಿಯ ಹಿತ್ತಲು ಅದು ಎಂದುಕೊಂಡೆ.

ಇಂಜಿನ್ ಸುಡಲಿ ಎಂದು ನಾನು ಬಯಸಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಅದನ್ನೇ ಬಯಸಿದ್ದೆ. 20ನೇ ತಾರೀಖು ಮಧ್ಯಾಹ್ನ ಕೆಲಸ ಮಾಡಲಾಗಲಿಲ್ಲ, ಬಾಗಿಲಿನಲ್ಲಿ ಕೂತು ಘಟಪ್ರಭಾದ ರಸ್ತೆ ನೋಡುತ್ತಿದ್ದೆ.

ನೀನು ಮಾಡಿದ್ದು ಒಂದು ಕ್ಷಣದ ಕೆಲಸ. ನಾನು ಮಾಡಿದ್ದಕ್ಕೆ ಇಪ್ಪತ್ತಮೂರು ದಿನ ಹಿಡಿಯಿತು, ದಿನಾ ಬೆಳಿಗ್ಗೆ ಎದ್ದು ಹೊಸದಾಗಿ ಮಾಡಿದೆ. ನೀನು ಕ್ಷಮೆ ಕೇಳಿದ್ದೀ. ನನಗೆ ಕೇಳುವ ಮುಖ ಇಲ್ಲ. ಅಂಗಡಿಯಲ್ಲಿ ಜಾಗ ಇದೆ. ಬಂದರೆ ಬಾ.

ಖಂಡೆಪ್ಪ



ಮೂಡಲಗಿ
ತಾ. 2 ಏಪ್ರಿಲ್ 1938

ಖಂಡೆಪ್ಪಣ್ಣನಿಗೆ,

ಎರಡೂ ಕಾಗದ ಓದಿದೆ. ಶಂಕ್ರವ್ವಳಿಗೆ ಓದಿ ಹೇಳಲಿಲ್ಲ. ಹೋದ ಪತ್ರದಲ್ಲಿ ನಿನ್ನನ್ನು ಕ್ಷಮೆ ಕೇಳಿದ್ದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ನಿನ್ನ ಕಣ್ಣಿಗೆ ಸಲ್ಲಬೇಕಾದದ್ದು, ನೀನು ಆಮೇಲೆ ಏನು ಮಾಡಿದರೂ ಅದು ಸಲ್ಲುತ್ತದೆ. ಆದರೆ ಅಂಗಡಿಗೆ ಬರುವುದಿಲ್ಲ. ನಾನು ಬೋಲ್ಟು ಬಿಗಿದಾಗಲೆಲ್ಲ ನೀನು ನೋಡಬೇಕು, ನೀನು ಸರಿ ಎಂದಾಗಲೆಲ್ಲ ನಾನು ನಿನ್ನ ಮುಖ ನೋಡಬೇಕು. ಅದು ನಮ್ಮಿಬ್ಬರಿಂದಲೂ ಆಗದ ಮಾತು.

ಅಣ್ಣಾಸಾಹೇಬರ ಇಂಜಿನ್ನಿಗೆ ಬೆಳಗಾವಿಯಲ್ಲಿ ಹೊಸ ಸಾಮಾನು ಹಾಕಿಸಿದ್ದಾರೆ. ಹೊಸ ಡ್ರೈವರ್ ಬಂದಿದ್ದಾನೆ, ಯಲ್ಲಪ್ಪ ಎಂದು ಹೆಸರು. ನಾನು ಅವನ ಮುಖ ನೋಡಿಲ್ಲ. ಮೊನ್ನೆ ಮುಂಜಾನೆ ಅವನ ಕಾರ್ಡು ಬಂತು. ಗೇಜು ಹಳೆಯದೇ ಇದೆಯಂತೆ, ಅದನ್ನು ಯಾರೂ ಮುಟ್ಟಿಲ್ಲವಂತೆ. ಮುಳ್ಳು 180 ದಾಟುವುದೇ ಇಲ್ಲ, ಗಾಡಿ ನೀರು ಬಹಳ ಕುಡಿಯುತ್ತದೆ, ನಿಮಗೆ ಏನಾದರೂ ಗೊತ್ತೇ ಎಂದು ಕೇಳಿದ್ದ.

ಅವನು ನನ್ನ ಕೆಲಸದಲ್ಲಿದ್ದಾನೆ. ನನ್ನ ಖೋಲಿಯಲ್ಲಿ ಮಲಗುತ್ತಾನೆ. ಶಂಕ್ರವ್ವಳ ಬದನೆಯನ್ನು ಅವನ ಹೆಂಡತಿ ಹರಿದು ಪಲ್ಯ ಮಾಡುತ್ತಿರಬೇಕು. ಕಾರ್ಡು ಹಿಡಿದುಕೊಂಡು ಬಾವಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ನಿನಗೆ ಏನಾಗಿತ್ತು ಎಂದು ಆಗ ನನಗೆ ತಿಳಿಯಿತು, ಪೂರಾ ತಿಳಿಯಿತು.

ಆಮೇಲೆ ಎತ್ತು ಬಿಚ್ಚಿ, ಮಧ್ಯಾಹ್ನದ ಟಪಾಲು ಹೋಗುವುದರೊಳಗೆ ಅವನಿಗೆ ಉತ್ತರ ಹಾಕಿ ಬಂದೆ.

ಶಿದ್ಲಿಂಗಪ್ಪ